ಶರ್ಟು ಬಿಚ್ಚದ ಕಾವಲುಗಾರ್ತಿ

ಹೋದ ಭಾನುವಾರ ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ಬಸ್ಸಿನಲ್ಲಿ ಒಬ್ಬಾಕೆ ಒದ್ದೆ ಗೋಣಿಯಲ್ಲಿ ಸುತ್ತಿದ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ನನ್ನ ಕಾಲಬುಡದಲ್ಲೇ ಇಳಿಸಿ, "ಒಂಚೂರು ಕಾಲು ಆ ಕಡೆ ಇಟ್ಕೊಳಮ್ಮ" ಎಂದಳು. ಇಟ್ಟುಕೊಂಡೆ. ಐದು ನಿಮಿಷದಲ್ಲಿ ಬಸ್ಸಿನ ತುಂಬ ಆ ವಾಸನೆ ಹರಡಿತು. ಈ ಸೀಮೆಯಲ್ಲಿ ಹುಟ್ಟಿದವರಿಗೆ ಬೇರೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳಿದರೂ ತಿಳಿಯದು. ಹುಲ್ಲಿನ ವಾಸನೆಯಲ್ಲ, ಹೂವಿನದಂತೂ ಅಲ್ಲ. ತೊಟ್ಟು ಮುರಿದಾಗ ಹಾಲು ಒಸರುವ, ಬೆರಳಿಗೆ ಕಪ್ಪಾಗಿ ಅಂಟುವ, ಎಷ್ಟು ಸೋಪು ಹಾಕಿದರೂ ಊಟದ ತಟ್ಟೆಯವರೆಗೆ ಹಿಂಬಾಲಿಸುವ ವಾಸನೆ. ನನಗೆ ಅದು ಮೇಲೂರಿನ ಮುನಿರತ್ನತ್ತೆಯ ವಾಸನೆ.

ಮುನಿರತ್ನತ್ತೆ ನನ್ನ ಅಪ್ಪನ ಅಕ್ಕ. ಇಪ್ಪತ್ತೆರಡನೇ ವಯಸ್ಸಿಗೆ ಗೌರಿಬಿದನೂರು ಕಡೆಯ ಗಂಡನ ಮನೆಯನ್ನು ಬಿಟ್ಟು ಒಂದು ಟ್ರಂಕು ಹಿಡಿದು ತವರಿಗೆ ಬಂದವಳು. ಅಲ್ಲಿ ಏನಾಯಿತೆಂದು ಅವಳು ಯಾರಿಗೂ ಹೇಳಲಿಲ್ಲ. ನಮ್ಮ ತಾತ ಎರಡು ದಿನ ನೋಡಿ, ಮೂರನೇ ದಿನ "ಯಾವಾಗ ಹೊರಡ್ತೀಯಮ್ಮ" ಎಂದು ಕೇಳಿದರಂತೆ. "ನಾನು ನೆಂಟಳಾಗಿ ಬಂದಿಲ್ಲಪ್ಪ" ಎಂದು ಹೇಳಿ ಅವಳು ಗೂಟಕ್ಕೆ ಸಿಕ್ಕಿಸಿದ್ದ ತಾತನ ಹಳೆಯ ಶರ್ಟನ್ನು ಸೀರೆಯ ಮೇಲೆ ತೊಟ್ಟು, ತಲೆಗೆ ಟವೆಲು ಸುತ್ತಿ, ಕುಡುಗೋಲು ತೆಗೆದುಕೊಂಡು ತೋಟಕ್ಕೆ ಹೋದಳಂತೆ. ಅವತ್ತು ತೊಟ್ಟ ಶರ್ಟನ್ನು ಅವಳು ಬಿಚ್ಚಲೇ ಇಲ್ಲ ಎಂದರೆ ನಂಬಬೇಡಿ, ಒಗೆಯಲು ಬಿಚ್ಚುತ್ತಿದ್ದಳು. ಆದರೆ ಒಂದು ಹರಿದರೆ ಇನ್ನೊಂದು, ತಾತನದು ಮುಗಿದ ಮೇಲೆ ಅಪ್ಪನದು. ನಾನು ನೋಡುವ ಹೊತ್ತಿಗೆ ತಾಲ್ಲೂಕು ಕಚೇರಿಯ ಗುಮಾಸ್ತನಾಗಿದ್ದ ನಮ್ಮಪ್ಪನ ಉದ್ದತೋಳಿನ ಶರ್ಟುಗಳೆಲ್ಲ ಕೊನೆಗೆ ಮೇಲೂರಿನ ತೋಟವನ್ನೇ ಸೇರುತ್ತಿದ್ದವು.

ಅವಳ ಹುಳುಮನೆಗೆ ನಮಗೆ ಸುಲಭವಾಗಿ ಪ್ರವೇಶವಿರಲಿಲ್ಲ. ರೇಷ್ಮೆ ಹುಳು ಬಹಳ ನಾಜೂಕಿನ ಜೀವ, ವಾಸನೆ ಅದಕ್ಕೆ ಆಗದು. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಮುಖಕ್ಕೆ ಪೌಡರು ಬಳಿದುಕೊಂಡು ಹೋಗಿದ್ದೆ. ಬಾಗಿಲಲ್ಲೇ ತಡೆದು, "ನಿನ್ನ ಅಂದ ನೋಡಿ ನಾಲ್ಕನೇ ಜ್ವರದ ಹುಳು ಸತ್ತೋಗ್ತವೆ, ಮುಖ ತೊಳ್ಕೊಂಡ್ ಬಾ ಹೋಗಮ್ಮ" ಎಂದಳು. ಹುಳು ಪೊರೆ ಕಳಚುವ ಹಂತಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಮೇಲೆ ನಾನು ಪೌಡರು ಹಾಕಿಕೊಳ್ಳುವುದನ್ನೇ ಬಿಟ್ಟೆ. ಅದರಿಂದ ನನ್ನ ಮದುವೆ ಎರಡು ವರ್ಷ ತಡವಾಯಿತೆಂದು ಅಮ್ಮ ಈಗಲೂ ಹೇಳುತ್ತಾಳೆ.

ಇಷ್ಟು ಹೇಳಿ, ವಿಡಿಯೋ ಗೇಮಿನ ವಿಷಯಕ್ಕೆ ಬಂದರೆ ನೀವು ನಗಬಹುದು. ನಗಿ, ಆದರೆ ಜೊತೆಗೆ ಬನ್ನಿ.

ಎರಡು ಸಾವಿರದ ಐದೋ ಆರೋ ಇಸವಿ. ನಾನು ಬಿ.ಎ. ಮುಗಿಸಿ ಶಿಡ್ಲಘಟ್ಟದಲ್ಲಿ ನಜೀರ್ ಸಾಹೇಬರ ಫ್ಲೆಕ್ಸ್ ಅಂಗಡಿಗೆ ಸೇರಿದ್ದೆ. ಮದುವೆ ಪತ್ರಿಕೆ, ಹುಟ್ಟುಹಬ್ಬದ ಬ್ಯಾನರು, ತಿಥಿ ಕಾರ್ಡು, ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ. ರಾಜಕಾರಣಿಗಳ ಮುಖದ ಮೇಲಿನ ಮೊಡವೆ ಅಳಿಸುವುದು, ಕೂದಲಿಲ್ಲದ ಕಡೆ ಕೂದಲು ಬೆಳೆಸುವುದು ನನ್ನ ಕೆಲಸ. ಬಿಡುವಿದ್ದಾಗ ಅದೇ ಕಂಪ್ಯೂಟರಿನಲ್ಲಿ ಮೌಸ್ ಹಿಡಿದು ರಾಕ್ಷಸರನ್ನೂ ಕೋಟೆಗಳನ್ನೂ ಬರೆಯುತ್ತಿದ್ದೆ. ನಜೀರ್ ಸಾಹೇಬರು ಹಿಂದೆ ಬಂದು ನಿಂತು, "ಬೇಟಿ, ಈ ರಾಕ್ಷಸನ ಮುಖ ಎಲ್ಲೋ ನೋಡಿದ ಹಾಗಿದೆಯಲ್ಲ" ಎನ್ನುತ್ತಿದ್ದರು. ಅವರದೇ ಮುಖವಾಗಿರುತ್ತಿತ್ತು. ಹೇಳಲು ಧೈರ್ಯವಿರಲಿಲ್ಲ.

ಅವರ ನೆಂಟರೊಬ್ಬರ ಮೂಲಕವೇ ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೋದ ವಿಳಾಸ ಸಿಕ್ಕಿತು. ಹೊರದೇಶದವರು ಮಾಡುವ ಕಂಪ್ಯೂಟರ್ ಆಟಗಳಿಗೆ ಅಲ್ಲಿ ಚಿತ್ರ ಬರೆದುಕೊಡುತ್ತಿದ್ದರು. ಆಟ ಕಟ್ಟುವ ಮೊದಲು ಅದರೊಳಗಿನ ಮನುಷ್ಯರು, ಮನೆ, ಗುಡ್ಡ, ಕತ್ತಿ, ಚಪ್ಪಲಿ ಹೇಗಿರಬೇಕೆಂದು ಯಾರಾದರೂ ಬರೆದು ತೋರಿಸಬೇಕಲ್ಲ, ಅದಕ್ಕೆ ಕಾನ್ಸೆಪ್ಟ್ ಆರ್ಟ್ ಎನ್ನುತ್ತಾರೆ. ಮದುವೆ ಚಪ್ಪರಕ್ಕೆ ಮೊದಲು ಎಲ್ಲೆಲ್ಲಿ ಗುಣಿ ತೋಡಬೇಕೆಂದು ನೆಲದ ಮೇಲೆ ಸುಣ್ಣದ ಗೆರೆ ಎಳೆಯುತ್ತಾರೆ. ಚಪ್ಪರ ಎದ್ದ ಮೇಲೆ ಆ ಗೆರೆಯನ್ನು ಯಾರೂ ನೋಡುವುದಿಲ್ಲ. ನಮ್ಮದು ಆ ಸುಣ್ಣದ ಗೆರೆಯ ಕೆಲಸ. ಪರೀಕ್ಷೆಗೆಂದು ಒಂದು ಕೋಟೆಬಾಗಿಲು ಬರೆಯಲು ಹೇಳಿದರು. ನಾನು ಚಿಕ್ಕಬಳ್ಳಾಪುರದಾಚೆಯ ಬಂಡೆಗುಡ್ಡಗಳನ್ನು ಒಂದರ ಮೇಲೊಂದು ಕೂರಿಸಿ, ನಡುವೆ ಕಲ್ಲುಚಪ್ಪಡಿಯ ಬಾಗಿಲಿಟ್ಟು ಕಳಿಸಿದೆ. ಇಂಥ ಬಂಡೆ ಎಲ್ಲಿಂದ ಕಲ್ಪಿಸಿಕೊಂಡಿರಿ ಎಂದು ಕೇಳಿದರು. ಮಂಡಿಕಲ್ಲಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಎಂದು ಬರೆದೆ. ಕೆಲಸ ಸಿಕ್ಕಿತು. ಊರಲ್ಲೇ ಇದ್ದು ಇಮೇಲಿನಲ್ಲಿ ಚಿತ್ರ ಕಳಿಸುವ ಕೆಲಸ. ನಜೀರ್ ಸಾಹೇಬರು ಅಂಗಡಿಯ ಒಂದು ಮೂಲೆ, ಒಂದು ಕಂಪ್ಯೂಟರು ಬಿಟ್ಟುಕೊಟ್ಟು, "ಫ್ಲೆಕ್ಸ್ ಕೆಲಸ ಬಂದಾಗ ಮಾತ್ರ ರಾಕ್ಷಸರನ್ನ ಪಕ್ಕಕ್ಕಿಡು" ಎಂದರು.

ಅಪ್ಪನಿಗೆ ಇದು ಕೆಲಸವೆಂದು ಅನ್ನಿಸಲೇ ಇಲ್ಲ. ಕಚೇರಿಯಲ್ಲಿ ಯಾರಾದರೂ ಮಗಳು ಏನು ಮಾಡ್ತಾಳೆ ಎಂದು ಕೇಳಿದರೆ "ಕಂಪ್ಯೂಟರ್" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದರು.

ಒಂದೂವರೆ ವರ್ಷ ಮರ, ಗಡಿಗೆ, ಗುರಾಣಿ, ಬಾಗಿಲ ಅಗುಳಿಗಳನ್ನು ಬರೆದೆ. ಮನುಷ್ಯರನ್ನು ಬರೆಯಲು ನನಗೆ ಕೊಟ್ಟಿರಲಿಲ್ಲ. ಒಂದು ದಿನ ಸ್ಟುಡಿಯೋದಲ್ಲಿ ನಮ್ಮ ಮೇಲ್ವಿಚಾರಕನಾಗಿದ್ದ ಪ್ರವೀಣ್ ಫೋನ್ ಮಾಡಿದ. ಮೈಸೂರಿನ ಹುಡುಗ, ಒಳ್ಳೆಯವನು, ಯಾವಾಗಲೂ ಅವಸರ. ದೇಶದೇಶ ಸುತ್ತುವ ಆಟವೊಂದರಲ್ಲಿ ಭಾರತದ ಹಳ್ಳಿ ಬರುತ್ತದೆ, ಊರಬಾಗಿಲಲ್ಲಿ ಒಬ್ಬ ಕಾವಲುಗಾರ್ತಿ ಬೇಕು ಎಂದ. "ನೋಡಿದ ತಕ್ಷಣ ಆಡೋನು ಒಂದು ಹೆಜ್ಜೆ ಹಿಂದೆ ಹೋಗ್ಬೇಕು ಮೇಡಂ. ಅಷ್ಟೇ ಅವರು ಹೇಳಿರೋದು."

ಒಂದು ಹೆಜ್ಜೆ ಹಿಂದೆ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಒಂದು ಬೇಸಗೆಯಲ್ಲಿ ಕಲ್ಲು ಸಾಗಿಸುವ ಲಾರಿಯೊಂದು ದಾರಿ ಉಳಿಸಲೆಂದು ಅತ್ತೆಯ ತೋಟದ ಬದುವಿನ ಮೇಲೆ ಹತ್ತಿಬಂತು. ಅತ್ತೆ ಸೊಪ್ಪು ಕೊಯ್ಯುತ್ತಿದ್ದವಳು ಎದ್ದು ಬಂದು ಬದುವಿನ ನಡುವೆ ನಿಂತಳು. ಕೂಗಲಿಲ್ಲ, ಕಲ್ಲೆತ್ತಲಿಲ್ಲ. ಎಡಗೈ ಸೊಂಟದ ಮೇಲೆ, ಬಲಗೈಯ ಕುಡುಗೋಲು ನೆಲ ನೋಡುತ್ತ. ಡ್ರೈವರು ಹಾರನ್ ಮಾಡಿದ. ಅತ್ತೆ ಮುಖ ಒರೆಸಿಕೊಂಡಳು, ಅಷ್ಟೇ. ಅವನು ಇಳಿದು ಏನೋ ಹೇಳಲು ಬಂದವನು ಹತ್ತು ಅಡಿ ದೂರದಲ್ಲೇ ನಿಂತು, ತಿರುಗಿ ಹೋಗಿ, ಅಷ್ಟುದ್ದದ ಲಾರಿಯನ್ನು ಮುಖ್ಯರಸ್ತೆಯ ತನಕ ಹಿಂದಕ್ಕೇ ಓಡಿಸಿದ.

ಅದನ್ನೇ ಬರೆದೆ. ಐವತ್ತು ದಾಟಿದ ಹೆಂಗಸು, ಕಚ್ಚೆಯಂತೆ ಎತ್ತಿ ಸಿಕ್ಕಿಸಿದ ಸೀರೆ, ಮೇಲೆ ಗಂಡಸಿನ ಶರ್ಟು, ತೋಳು ಮೊಣಕೈವರೆಗೆ ಮಡಿಸಿದ್ದು, ತಲೆಗೆ ಟವೆಲು, ಕಾಲಿಗೆ ರಬ್ಬರು ಬೂಟು, ಕಪ್ಪಾದ ಬೆರಳು. ಮುಖಕ್ಕೆ ಬೇರೆ ಯಾರನ್ನೂ ಹುಡುಕಲಿಲ್ಲ. ಪ್ರವೀಣ್ ನೋಡಿ, "ಮೇಡಂ, ನಾನೇ ಒಂದು ಹೆಜ್ಜೆ ಹಿಂದೆ ಹೋದೆ" ಎಂದ. ಅವತ್ತು ನಾನು ಅಂಗಡಿಯವರಿಗೆಲ್ಲ ಜಹಾಂಗೀರು ಹಂಚಿದೆ.

ವಾರದ ಮೇಲೆ ಹೊರದೇಶದವರ ಉತ್ತರ ಬಂತು. ಬಹಳ ಚೆನ್ನಾಗಿದೆ, ಸಣ್ಣಪುಟ್ಟ ಬದಲಾವಣೆ ಮಾತ್ರ. ವಯಸ್ಸು ಸ್ವಲ್ಪ ಇಳಿಸಿ. ಶರ್ಟು ತೆಗೆಯಿರಿ. ಸೊಂಟ ಸಣ್ಣದಾಗಲಿ.

ಈಗ ನಾನು ಎದೆ ತಟ್ಟಿಕೊಂಡು, ಆಗಲೇ ಒಲ್ಲೆ ಎಂದೆ ಎಂದು ಬರೆದರೆ ನಿಮಗೂ ಇಷ್ಟವಾಗುತ್ತದೆ, ನನಗೂ ಮರ್ಯಾದೆ. ಆದರೆ ನಡೆದದ್ದು ಹಾಗಲ್ಲ. ನಾನು ಇಳಿಸಿದೆ. ಮೊದಲು ಹತ್ತು ವರ್ಷ ಇಳಿಸಿದೆ, ಇನ್ನೂ ಎಂದರು, ಇನ್ನೂ ಇಳಿಸಿದೆ. ಶರ್ಟು ಹೋಯಿತು. ಸೀರೆ ತುಂಡಾಯಿತು. ಟವೆಲಿನ ಜಾಗಕ್ಕೆ ಮುತ್ತಿನ ಪಟ್ಟಿ ಬಂತು, ಬೂಟಿಗೆ ಹಿಮ್ಮಡಿ ಬಂತು, ಕುಡುಗೋಲು ಯಾವುದೋ ಅರಬ್ಬೀ ಕತ್ತಿಯಾಯಿತು. ನಾಲ್ಕನೆಯ ಸಲ ಬರೆದಾಗ ಸೊಂಟ ಎಷ್ಟು ಸಣ್ಣದಾಗಿತ್ತೆಂದರೆ ಒಳಗೆ ಕರುಳಿಗೆ ಜಾಗವಿರಲಿಲ್ಲ. ಪ್ರತಿಸಲವೂ ಇದೊಂದೇ, ಇದೊಂದೇ ಎಂದುಕೊಳ್ಳುತ್ತ ಬರೆದೆ. ಮನುಷ್ಯರನ್ನು ಬರೆಯುವ ಅವಕಾಶ ಕೈ ತಪ್ಪೀತೆಂಬ ಭಯ. ಮುಖ ಮಾತ್ರ ಹಾಗೇ ಉಳಿದಿತ್ತು. ಸುಕ್ಕು ಅಳಿಸಿದ್ದೆ, ಅಷ್ಟೇ.

ಅಷ್ಟರಲ್ಲಿ ಒಂದು ಮಧ್ಯಾಹ್ನ ಅತ್ತೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬಂದವಳು, ಬಸ್ಸಿಗೆ ಹೊತ್ತಿದೆಯೆಂದು ನಮ್ಮ ಅಂಗಡಿಗೆ ಬಂದಳು. ನಜೀರ್ ಸಾಹೇಬರು ಟೀ ತರಿಸಿದರು. ನಾನು ಪರದೆಯನ್ನು ಮುಚ್ಚುವ ಮೊದಲೇ ಅವಳು ನೋಡಿದ್ದಳು.

"ಇದ್ಯಾರಮ್ಮ?"

"ಒಂದು ಆಟಕ್ಕೆ ಅತ್ತೆ. ಊರು ಕಾಯೋಳು."

ಅತ್ತೆ ಟೀ ಲೋಟ ಕೆಳಗಿಟ್ಟು ಹತ್ತಿರ ಬಂದಳು. ಬಹಳ ಹೊತ್ತು ನೋಡಿದಳು. "ಮುಖ ನಂದಲ್ಲೇನಮ್ಮ ಇದು?"

ನಾನು ಹೂಂ ಎಂದೆ.

"ಈ ಬೂಟಲ್ಲಿ ಇವಳು ಓಡ್ತಾಳಾ?"

"ಆಟದಲ್ಲಿ ಓಡ್ತಾಳೆ ಅತ್ತೆ."

"ಬಗ್ಗಿದ್ರೆ?"

ನಾನು ಮೌಸನ್ನು ಪಕ್ಕಕ್ಕೆ ಸರಿಸಿದೆ.

"ಊರು ಕಾಯೋಳು ಅಂತೀಯ. ಇವಳನ್ನ ಕಾಯಕ್ಕೇ ಇನ್ನೊಬ್ರು ಬೇಕಲ್ಲಮ್ಮ." ಆಮೇಲೆ ಟೀ ಮುಗಿಸಿ, ಚೀಲ ಹೆಗಲಿಗೆ ಹಾಕಿಕೊಂಡು, ಕೋಪವಿಲ್ಲದೆ, ಲೆಕ್ಕ ತಪ್ಪಿದ ಮಗುವಿಗೆ ಹೇಳುವ ಹಾಗೆ ಹೇಳಿದಳು: "ಮೈಯೆಲ್ಲಾ ತೆಗ್ದಿದ್ದೀಯ. ಮುಖಾನೂ ತೆಗ್ದುಬಿಡ್ಬೇಕಾಗಿತ್ತು ಕಣೇ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬಸ್ಸಿಗೆ ಹೋದ ಮೇಲೆ ನಜೀರ್ ಸಾಹೇಬರು ನನ್ನ ಕಡೆ ನೋಡದೆ ಲೋಟಗಳನ್ನು ಎತ್ತಿಡುತ್ತ, "ಫ್ಲೆಕ್ಸಿನಲ್ಲಿ ನಾವು ಇಲ್ಲದ ಕೂದಲು ಕೊಡ್ತೀವಿ ಬೇಟಿ. ಇರೋದನ್ನ ಕಿತ್ಕೊಳ್ಳಲ್ಲ" ಎಂದರು.

ಅಲ್ಲಿಂದಲೇ ಪ್ರವೀಣ್‌ಗೆ ಫೋನ್ ಮಾಡಿದೆ. ಈ ಚಿತ್ರವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ.

"ಮೇಡಂ, ಇದು ಆಟ. ಇದ್ರಲ್ಲಿ ಯಾರೂ ಸೊಪ್ಪು ಕೊಯ್ಯಲ್ಲ."

"ಕಾವಲು ಕಾಯ್ತಾರಲ್ವ? ಬಟ್ಟೆ ಇಲ್ದೆ ಹ್ಯಾಗೆ ಕಾಯ್ತಾರೆ?"

"ನೀವು ಬರೆದುಕೊಟ್ಟ ಮೇಲೆ ಚಿತ್ರ ಅವರದು. ನಿಮಗೆ ಗೊತ್ತು."

"ಚಿತ್ರ ಅವರದೇ ಇರ್ಲಿ. ಮುಖ ನಮ್ಮತ್ತೇದು. ಅವರನ್ನ ಯಾರಾದ್ರೂ ಕೇಳಿದ್ರಾ?"

"ನೀವು ಕೇಳಿದ್ರಾ ಮೇಡಂ?" ಎಂದ ಪ್ರವೀಣ್.

ಕೇಳಿರಲಿಲ್ಲ. ಅದು ನನ್ನ ತಲೆಗೇ ಹೋಗಿರಲಿಲ್ಲ. ಅತ್ತೆ ನಮ್ಮವಳು, ಅವಳ ಮುಖ ನಮ್ಮ ಹಿತ್ತಲಿನ ಕರಿಬೇವಿನ ಹಾಗೆ, ಬೇಕಾದಾಗ ಕಿತ್ತುಕೊಳ್ಳಬಹುದು ಎಂಬಂತೆ ಇದ್ದುಬಿಟ್ಟಿದ್ದೆ. ಹೊರದೇಶದವರ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ಪಾಲು ಅವತ್ತು ನನ್ನ ಕಡೆಗೆ ತಿರುಗಿತು. ಎರಡು ದಿನ ಸಮಯ ಕೊಡಿ ಎಂದು ಪ್ರವೀಣ್‌ನನ್ನು ಕೇಳಿ, ಮರುದಿನ ಬೆಳಿಗ್ಗೆ ಮೇಲೂರಿನ ಬಸ್ಸು ಹತ್ತಿದೆ.

ಅತ್ತೆ ಹುಳುಮನೆಯ ಮುಂದೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗಳನ್ನು, ಚಂದ್ರಂಕಿಗಳನ್ನು, ಬಿಸಿಲಿಗೆ ಒರಗಿಸುತ್ತಿದ್ದಳು. ಆಳುಗಳ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದವಳು ನನ್ನನ್ನು ಕಂಡು ಕನ್ನಡಕ್ಕೆ ತಿರುಗಿದಳು. ನಾನು ಎಲ್ಲವನ್ನೂ ಹೇಳಿದೆ. ನಾಲ್ಕು ಸಲ ಇಳಿಸಿದ್ದನ್ನೂ ಹೇಳಿದೆ. ಕೊನೆಗೆ, ತಡವಾಗಿ, ಕೇಳಿದೆ: "ನಿನ್ನನ್ನ ಬರೀಲಾ ಅತ್ತೆ?"

ಅವಳು ಚಂದ್ರಂಕಿಯ ಬಿದಿರನ್ನು ಬೆರಳಿಂದ ತಟ್ಟಿ ನೋಡುತ್ತ ಯೋಚಿಸಿದಳು. ಅವಳಿಗೆ ಆಟವೆಂದರೇನು, ಪರದೆಯೆಂದರೇನು ಎಂದು ನಾನು ವಿವರಿಸಲು ಹೊರಟೆ, ಕೈಯೆತ್ತಿ ತಡೆದಳು.

"ಶರ್ಟಿದ್ರೆ ಇರ್ಲಿ. ಶರ್ಟಿಲ್ದಿದ್ರೆ ಬೇಡ."

ಎರಡು ದಿನ ನಾನು ಅವಳ ಹಿಂದೆ ಸುತ್ತಿದೆ. ಕಾಲುವೆ ದಾಟುವಾಗ, ಹೊರೆ ತಲೆಗೇರಿಸುವಾಗ, ಕುಡುಗೋಲಿನ ಹಿಡಿಯಿಂದ ಬೀದಿನಾಯಿಗಳನ್ನು ಅಟ್ಟುವಾಗ, ಪಂಪ್‌ಸೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕರೆಂಟಿಗೆ ಶಾಪ ಹಾಕುವಾಗ, ಎಲ್ಲವನ್ನೂ ನೋಟುಪುಸ್ತಕದಲ್ಲಿ ಬರೆದೆ. ಅವಳ ಜೊತೆ ಓಡಾಡಿದ ಮೇಲೆಯೇ ನನಗೂ ಗೊತ್ತಾದದ್ದು, ಅವಳ ಮೈಮೇಲೆ ಸುಮ್ಮನೆ ಇರುವ ವಸ್ತು ಒಂದೂ ಇಲ್ಲ. ಶರ್ಟಿನ ತೋಳು ಕಡ್ಡಿ ಗೀರದಂತೆ ಕಾಯುತ್ತದೆ. ಟವೆಲು ಹೊರೆಗೆ ಸಿಂಬಿ, ಬೆವರಿಗೆ ವಸ್ತ್ರ, ಬುತ್ತಿಗೆ ಗಂಟು. ಬೂಟು ಹಾವಿಗೆ. ಶರ್ಟಿನ ಎಡಜೇಬಿನಲ್ಲಿ ಕುಡುಗೋಲು ಮಸೆಯುವ ಕಲ್ಲಿನ ಚೂರು. ಒಂದು ಹಾಳೆಯಲ್ಲಿ ಅವಳ ಹನ್ನೊಂದು ಭಂಗಿಗಳನ್ನು ಸಾಲಾಗಿ ಬರೆದು, ಪ್ರತಿಯೊಂದರ ಕೆಳಗೂ ಬಟ್ಟೆ ಏನು ಕೆಲಸ ಮಾಡುತ್ತಿದೆಯೆಂದು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಬರೆದೆ. ಕೊನೆಗೆ ಒಂದು ಸಾಲು ಸೇರಿಸಿದೆ: ಇವಳನ್ನು ಹೀಗೇ ತೆಗೆದುಕೊಳ್ಳುವುದಾದರೆ ತೆಗೆದುಕೊಳ್ಳಿ, ಇಲ್ಲವಾದರೆ ಇವಳ ಮುಖವನ್ನು ಬಳಸಬೇಡಿ.

ಅವರು ಬಹಳ ಸಭ್ಯವಾಗಿ ಉತ್ತರ ಬರೆದರು. ನಿಮ್ಮ ಶ್ರಮಕ್ಕೆ ಧನ್ಯವಾದ, ನಾವು ಬೇರೆ ದಾರಿಯಲ್ಲಿ ಹೋಗುತ್ತೇವೆ. ಬೇರೆ ದಾರಿಯೆಂದರೆ ಬೇರೆ ಚಿತ್ರಕಾರ. ಆ ತಿಂಗಳಿಂದ ನನಗೆ ಮರ, ಗಡಿಗೆಗಳ ಕೆಲಸವೂ ಬರುವುದು ನಿಂತಿತು.

ಮನೆಯಲ್ಲಿ ಅಪ್ಪ, "ಅವರು ಹೇಳ್ದಂಗೆ ಬರ್ದುಕೊಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತಮ್ಮ?" ಎಂದರು. ಕೆಲಸವೇ ಅಲ್ಲವೆಂದುಕೊಂಡಿದ್ದವರಿಗೆ ಅದು ಹೋದ ಮೇಲೆ ಕೆಲಸವಾಗಿ ಕಂಡಿತ್ತು. ನಾನು, "ಗಂಟು ನಂದಲ್ಲಪ್ಪ, ನಿಮ್ಮಕ್ಕಂದು" ಎಂದೆ. ಅವರು ಪೇಪರು ಮಡಿಸಿಟ್ಟು ನನ್ನನ್ನು ನೋಡಿದರು. ಮರುದಿನ ಕಚೇರಿಗೆ ಹೋಗುವ ಮುಂಚೆ ತಮ್ಮ ಎರಡು ಶರ್ಟು, ಇನ್ನೂ ಕಾಲರು ಸವೆಯದವು, ಇಸ್ತ್ರಿ ಮಾಡಿ ಚೀಲಕ್ಕೆ ಹಾಕಿ, "ಮೇಲೂರಿಗೆ ಹೋದಾಗ ಕೊಡು" ಎಂದರು. ಅಪ್ಪನಿಂದ ನನಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಆಮೇಲೂ ಸಿಕ್ಕಿಲ್ಲ.

ಅತ್ತೆ ಶರ್ಟು ಬಿಡಿಸಿ ನೋಡಿ, ಕೆಲಸ ಹೋಯಿತೆಂಬ ಸುದ್ದಿ ಕೇಳಿ, "ಪೋನೀಲೇ" ಎಂದಳು, ಹೋಗಲಿ ಬಿಡು ಎಂಬುದನ್ನು ಅವಳು ತೆಲುಗಿನಲ್ಲೇ ಹೇಳುತ್ತಿದ್ದಳು. "ಒಬ್ರು ಬೇಡ ಅಂದ್ರೆ ಊರೇ ಬೇಡ ಅಂದಂಗಲ್ಲ. ನನ್ನ ನೋಡು."

ಒಂದು ವರ್ಷ ಮತ್ತೆ ಬ್ಯಾನರುಗಳ ಕೂದಲು ಬೆಳೆಸಿದೆ. ಆ ಆಟ ಹೊರಬಂತು. ನಜೀರ್ ಸಾಹೇಬರು ಎಲ್ಲಿಂದಲೋ ಅದರ ಸಿ.ಡಿ. ತಂದರು. ಊರಬಾಗಿಲಲ್ಲಿ ಒಬ್ಬ ಹುಡುಗಿ ಅರೆಬರೆ ಬಟ್ಟೆಯಲ್ಲಿ, ಹಿಮ್ಮಡಿಯ ಬೂಟಿನಲ್ಲಿ ನಿಂತಿದ್ದಳು. ಅವಳ ಮುಖ ಯಾರದೂ ಆಗಿರಲಿಲ್ಲ. ಪ್ರವೀಣ್ ಹಟ ಹಿಡಿದು ಅಷ್ಟನ್ನು ಬದಲಿಸಿದ್ದನೆಂದು ಆಮೇಲೆ ಗೊತ್ತಾಯಿತು. ಅವತ್ತಿಗೆ ನಮಗೆ ಸಿಕ್ಕ ಗೆಲುವು ಅಷ್ಟೇ, ಆದರೆ ಗೆಲುವೇ.

ಪ್ರವೀಣ್ ಆ ಸ್ಟುಡಿಯೋ ಬಿಟ್ಟು ನಾಲ್ಕೈದು ಗೆಳೆಯರ ಜೊತೆ ತಮ್ಮದೇ ಸಣ್ಣ ಆಟವೊಂದನ್ನು ಕಟ್ಟಲು ಶುರುಮಾಡಿದಾಗ ನನಗೆ ಫೋನ್ ಬಂತು. "ಆ ಹನ್ನೊಂದು ಭಂಗಿ ಹಾಳೆ ನನ್ನ ಗೋಡೆ ಮೇಲಿದೆ ಮೇಡಂ. ನಮಗೆ ಅವರು ಬೇಕು. ಶರ್ಟಿನ ಸಮೇತ. ನಿಮ್ಮತ್ತೇನ ಕೇಳಿ ಹೇಳಿ." ಈ ಸಲ ನಾನು ಮೊದಲು ಮೇಲೂರಿಗೆ ಹೋದೆ, ಆಮೇಲೆ ಪೆನ್ನು ಹಿಡಿದೆ.

ಆ ಆಟದಲ್ಲಿ ಅತ್ತೆ ಒಂದು ಕಣಿವೆಯ ಬಾಯಲ್ಲಿ ನಿಲ್ಲುತ್ತಾಳೆ. ಅವಳನ್ನು ಸೋಲಿಸಲು ಆಗುವುದಿಲ್ಲ. ಬದು ತುಳಿಯದೆ ಸುತ್ತಿ ಬಂದವರಿಗೆ ಮಾತ್ರ ದಾರಿ ಬಿಡುತ್ತಾಳೆ. ಆಟವನ್ನು ಆಡಿದವರು ಹೆಚ್ಚಿಲ್ಲ. ಆಡಿದವರಲ್ಲಿ ಬಹಳ ಮಂದಿ ಅವಳಿಂದ ಒದೆ ತಿಂದವರು, ಅದು ನನಗೆ ಸಂತೋಷ. ಅವಳನ್ನು ಅಂಗಡಿಗೆ ಕರೆತಂದು ತೋರಿಸಿದಾಗ ನಜೀರ್ ಸಾಹೇಬರು ಕುರ್ಚಿ ಒರೆಸಿ ಕೂರಿಸಿದರು. ಪರದೆಯ ಮೇಲೆ ಶರ್ಟು ತೊಟ್ಟ ಹೆಂಗಸು ಬಂಡೆಗಳ ನಡುವೆ ನಡೆದುಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅತ್ತೆ ತಾನು ನಡೆದು ಬಂದು ನಿಲ್ಲುವುದನ್ನು ಎದುರಿಂದ ನೋಡಿದ್ದು ಅದೇ ಮೊದಲಿರಬೇಕು. ಕಣ್ಣು ತುಂಬಿಕೊಳ್ಳುತ್ತಾಳೆಂದು ನಾನು ಕಾದೆ.

"ನಡಿಗೆ ಸರಿಯಿಲ್ಲ" ಎಂದಳು. "ಹೊರೆ ಹೊರೋರು ಮೊಣಕಾಲು ಹಂಗೆ ಎತ್ತಲ್ಲ. ನೆಲ ಸವರ್ಕೊಂಡು ಹೋಗ್ತಾರೆ." ಎದ್ದು ಅಂಗಡಿಯ ಉದ್ದಕ್ಕೂ ಎರಡು ಸಲ ನಡೆದು ತೋರಿಸಿದಳು. ಪ್ರವೀಣ್‌ಗೆ ಬರೆದೆ. ತಿದ್ದಿದರು.

ಅತ್ತೆಗೆ ಈಗ ಎಪ್ಪತ್ತು ದಾಟಿದೆ. ಹುಳು ಸಾಕುವುದನ್ನು ಬಿಡು ಎಂದು ಹೇಳಲು ಹೋದವರೆಲ್ಲ ಹತ್ತು ಅಡಿ ದೂರದಿಂದಲೇ ವಾಪಸಾಗಿದ್ದಾರೆ.

ಬಸ್ಸು ಚಿಂತಾಮಣಿ ತಲುಪಿತು. ಅಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಭಾನುವಾರ ಭಾನುವಾರ ಎಂಟು ಜನರಿಗೆ ಈ ಚಿತ್ರಕಲೆ ಹೇಳಿಕೊಡುತ್ತೇನೆ. ಒಂದು ಗುಟ್ಟು ಹೇಳುತ್ತೇನೆ, ಬೇರೆಯವರಿಗೆ ಹೇಳಬೇಡಿ. ಮಕ್ಕಳಿಗೆ ಹಂಚಲು ನನ್ನ ಚೀಲದಲ್ಲಿ ಒಂದು ಅಳತೆಪಟ್ಟಿಯಿತ್ತು: ನಾಯಕಿಯ ಸೊಂಟ ಇಷ್ಟಿರಬೇಕು, ಕಾಲು ಇಷ್ಟುದ್ದವಿರಬೇಕು. ಹೊರಗೆ ಕೆಲಸ ಸಿಗಬೇಕಾದರೆ ಇದೆಲ್ಲ ಗೊತ್ತಿರಬೇಕೆಂದು ಮೂರು ವರ್ಷದಿಂದ ನಾನೇ ಹಂಚುತ್ತಿದ್ದೆ. ವಯಸ್ಸಾಗುತ್ತ ಹಟ ಹೇಗೆ ಸದ್ದಿಲ್ಲದೆ ಸಡಿಲವಾಗುತ್ತದೆ ನೋಡಿ.

ಅವತ್ತು ಅದನ್ನು ಚೀಲದಿಂದ ತೆಗೆಯಲಿಲ್ಲ. ಶಾಹೀನ್ ಎಂಬ ಹುಡುಗಿ, ಪಿಯುಸಿ ಓದುತ್ತಿರುವವಳು, ಅರ್ಧ ಬರೆದ ಚಿತ್ರ ಹಿಡಿದು ಬಂದು, "ಮಿಸ್, ಇವಳ ಸೊಂಟ ಇನ್ನೂ ಸಣ್ಣ ಮಾಡ್ಲಾ?" ಎಂದು ಕೇಳಿದಳು.

"ಇವಳು ಏನು ಕೆಲಸ ಮಾಡ್ತಾಳೆ?"

ಅದನ್ನು ಯೋಚಿಸಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಪೆನ್ಸಿಲು ಕಚ್ಚಿಕೊಂಡು ನಿಂತಳು. ಆಮೇಲೆ, "ಬೋರ್‌ವೆಲ್ ಲಾರಿ ಓಡಿಸ್ತಾಳೆ ಮಿಸ್" ಎಂದಳು.

"ಹಾಗಾದ್ರೆ ಭುಜ ಮೊದ್ಲು ಬರಿ."

ಅವಳು ಹೋಗಿ ಕೂತು ಇದ್ದದ್ದನ್ನೆಲ್ಲ ಅಳಿಸಿದಳು. ನಾನು ಬೇರೆಯವರ ಚಿತ್ರ ತಿದ್ದಿ ತಿರುಗಿ ನೋಡುವಷ್ಟರಲ್ಲಿ ಭುಜಗಳು ಕಾಗದದ ಎರಡೂ ಅಂಚು ಮುಟ್ಟಿದ್ದವು, ಸ್ಟೀರಿಂಗಿಗೆ ಜಾಗ ಸಾಲದೆ ಶಾಹೀನ್ ಪಕ್ಕದಲ್ಲಿ ಇನ್ನೊಂದು ಹಾಳೆಯನ್ನು ಅಂಟಿಸುತ್ತಿದ್ದಳು.